ಮನೆಸಾಲ ಮತ್ತು ಎಂಟು ಟಗರು

ಸಾಲದ ವಿಷಯದಲ್ಲಿ ನಾನು ಧೈರ್ಯಸ್ಥ. ಇದನ್ನು ಜಂಬದಿಂದ ಹೇಳುತ್ತಿದ್ದೇನೆಂದು ನಿಮಗೆ ಅನ್ನಿಸಿದರೆ ಅದು ಸರಿಯೇ. ಸಾಲಕ್ಕೆ ಹೆದರುವವನನ್ನು ಕಂಡರೆ ಬ್ಯಾಂಕಿಗೂ ಹೆದರಿಕೆ. ಅವನ ಮುಂದೆ ಹತ್ತಾರು ಕಾಗದ ಹರಡಿ, ಇಬ್ಬರು ಜಾಮೀನುದಾರರನ್ನು ಕರೆತರಲು ಹೇಳಿ, ಮುಂದಿನ ವಾರ ಬಾ ಎನ್ನುತ್ತದೆ. ಸಿಕ್ಕರೆ ಸಿಗಲಿ, ಸಿಗದಿದ್ದರೂ ನಡೆಯುತ್ತದೆ ಎಂಬ ಮುಖ ಹೊತ್ತು ಹೋದವನಿಗೆ ಮಾತ್ರ ಕುರ್ಚಿ ಎಳೆದು ಕೊಟ್ಟು, ಚಹಾ ತರಿಸಿ, ಇನ್ನೂ ಸ್ವಲ್ಪ ಬೇಕಿತ್ತೇನೋ ಎಂದು ವಿಚಾರಿಸುತ್ತದೆ. ಎಂಬತ್ತರ ದಶಕದ ನಡುವೆ ನಾನು ಸಿಂಧನೂರಿನ ಒಂದು ಬ್ಯಾಂಕಿಗೆ ಈ ಎರಡನೆಯ ಬಗೆಯ ಮುಖ ಹೊತ್ತು ಹೋಗಿದ್ದೆ. ಹೊರಲು ಕಷ್ಟವೇನೂ ಆಗಲಿಲ್ಲ. ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಕೆ, ತಿಂಗಳಿಗೆ ತಪ್ಪದ ಪಗಾರ, ಗೊರೇಬಾಳದಲ್ಲಿ ಅಪ್ಪ ಬಿಟ್ಟುಹೋದ ಮೂರೆಕರೆ ಕಾಲುವೆ ನೀರಿನ ಗದ್ದೆ. ಗದ್ದೆಯನ್ನು ಪಕ್ಕದ ಕ್ಯಾಂಪಿನಲ್ಲಿ ಬಂದು ನೆಲೆಸಿದ್ದ ಆಂಧ್ರದ ರೈತರೊಬ್ಬರು ಲೀಜಿಗೆ ಮಾಡುತ್ತಿದ್ದರು; ಸುಗ್ಗಿ ಮುಗಿದೊಡನೆ ನಾನು ಕೇಳುವ ಮೊದಲೇ ದುಡ್ಡು ತಂದುಕೊಟ್ಟು, ಒಂದು ಚೀಲ ಅಕ್ಕಿಯನ್ನೂ ಇಳಿಸಿ ಹೋಗುತ್ತಿದ್ದರು. ಬೀಡಿ, ಎಲೆಯಡಿಕೆ, ಇಸ್ಪೀಟು ಯಾವುದೂ ನನಗಿಲ್ಲ. ಕೇಳದಿದ್ದವರಿಗೂ ಸಲಹೆ ಕೊಡುವುದೊಂದೇ ನನ್ನ ಚಟ. ಅದಕ್ಕೆ ಖರ್ಚಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಸಾಲ ತೆಗೆದು ಮನೆ ಕಟ್ಟಿದ್ದು ಲಿಂಗಸುಗೂರಿನಲ್ಲಿ. ಹೆಂಡತಿಯ ತವರು ಗುರುಗುಂಟಾ ಅಲ್ಲಿಗೆ ಹತ್ತಿರ ಎಂಬುದು ಅವಳ ಕಾರಣ. ಜಾಗ ಅಗ್ಗವಾಗಿ ಸಿಕ್ಕಿತು ಎಂಬುದು ನನ್ನ ಕಾರಣ. ಆಗ ನಮ್ಮ ಕಡೆ ಸಾಲ ಮಾಡಿ ಮನೆ ಕಟ್ಟಿದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೀಜ ಗೊಬ್ಬರಕ್ಕೆ ಸಾಲ ಉಂಟು, ಮದುವೆಗೆ ಉಂಟು, ಗೋಡೆಗೆ ಸಾಲವೇ? ಗೃಹಪ್ರವೇಶಕ್ಕೆ ಬಂದ ನೆಂಟರು ಹೊಸ ನೆಲದ ಮೇಲೆ ಕೂತು ಹೋಳಿಗೆ ಉಣ್ಣುತ್ತ, ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. ನಾನು ಮಾತ್ರ ಪಂಕ್ತಿಯ ನಡುವೆ ತುಪ್ಪ ಬಡಿಸುತ್ತಲೇ ಅವರಿಗೆ ಆದಾಯ ತೆರಿಗೆಯಲ್ಲಿ ಉಳಿತಾಯ, ರೂಪಾಯಿಯ ಬೆಲೆ ಇಳಿಯುವುದು, ಇವತ್ತಿನ ಕಂತು ಹತ್ತು ವರ್ಷದ ನಂತರ ಚಿಲ್ಲರೆ ಕಾಸಿನಂತೆ ಕಾಣುವುದು ಎಲ್ಲವನ್ನೂ ವಿವರಿಸಿದೆ. ಅವರು ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಆ ಸಾಲವನ್ನು ನಾನು ಎಷ್ಟು ಅಚ್ಚುಕಟ್ಟಾಗಿ ಹೊಂದಿಸಿದ್ದೆನೆಂದರೆ, ನಾನು ನಿವೃತ್ತಿಯಾಗುವ ತಿಂಗಳೇ ಕೊನೆಯ ಕಂತು. ಒಂದು ಕೈಯಲ್ಲಿ ಹಾರ ತುರಾಯಿ, ಇನ್ನೊಂದು ಕೈಯಲ್ಲಿ ಮನೆಯ ಕಾಗದ. ಸಮೀಕರಣದ ಎರಡೂ ಬದಿ ಹೀಗೆ ಸೊನ್ನೆಗೆ ಬಂದು ನಿಂತಾಗ ಗಣಿತ ಕಲಿಸುವವನಿಗೆ ಆಗುವ ಸಂತೋಷ ಬೇರೆಯವರಿಗೆ ತಿಳಿಯದು.

ನನ್ನ ಹೆಂಡತಿ ಅಮರಮ್ಮನಿಗಂತೂ ತಿಳಿಯಲಿಲ್ಲ. ಅವಳು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಅವಳ ತಕರಾರು ಬಡ್ಡಿಯದಲ್ಲ, ಕಾಗದದ್ದು. ಅವಳ ತವರಿನಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬಂಗಾರ, ಬೆಳ್ಳಿಯ ಜೊತೆ ಹೊಲಮನೆಯ ಕಾಗದಪತ್ರಗಳನ್ನೂ ಇಟ್ಟು ಕುಂಕುಮ ಹಚ್ಚುತ್ತಾರೆ. ನಮ್ಮ ಮನೆಯ ಖರೀದಿ ಪತ್ರವೋ, ಸಾಲ ತೀರುವವರೆಗೆ ಸಿಂಧನೂರಿನ ಬ್ಯಾಂಕಿನ ಕಬ್ಬಿಣದ ಕಪಾಟಿನಲ್ಲಿ. ಮೊದಲ ದೀಪಾವಳಿಗೆ ನಾನು ಅದರ ಜೆರಾಕ್ಸ್ ಪ್ರತಿ ತಂದುಕೊಟ್ಟೆ. ಅಕ್ಷರಕ್ಕೆ ಅಕ್ಷರ ಅದೇ, ಸಬ್ ರಿಜಿಸ್ಟ್ರಾರರ ಮೊಹರು ಕೂಡ ಬಂದಿದೆ, ಲಕ್ಷ್ಮಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ. ಅವಳು ಅದನ್ನು ಪೂಜೆಗೆ ಇಟ್ಟಳು, ಹೂ ಏರಿಸಿದಳು, ಕುಂಕುಮ ಮಾತ್ರ ಹಚ್ಚಲಿಲ್ಲ. ನೆರಳಿಗೆ ಯಾರಾದರೂ ಕುಂಕುಮ ಹಚ್ಚುತ್ತಾರೇನು ಎಂದು ಕೇಳಿದಳು. ಹೀಗೆ ವರ್ಷಕ್ಕೊಮ್ಮೆ ಜೆರಾಕ್ಸ್ ಹೊರಗೆ ಬರುವುದು, ಕುಂಕುಮವಿಲ್ಲದೆ ಒಳಗೆ ಹೋಗುವುದು. ಆರೇಳು ವರ್ಷದಲ್ಲಿ ಅದರ ಶಾಯಿ ಮಾಸಿ, ನಮ್ಮ ಮನೆಯ ಉತ್ತರ ದಿಕ್ಕಿನ ಗಡಿ ಯಾವುದೆಂದು ಓದಲು ಬರದಂತಾಯಿತು. ಅವಳು ಪೂಜೆಯ ದಿನ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಒಂದು ಗಳಿಗೆ ತಡೆದು, ಮತ್ತೆ ಭರಣಿಗೆ ಹಾಕುತ್ತಿದ್ದುದನ್ನು ನೋಡಿ ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು.

ಅಮರಮ್ಮನಿಗೆ ತನ್ನದೇ ಆದ ಒಂದು ಆಸ್ತಿಯೂ ಇತ್ತು. ಅವಳ ತವರಿನವರು ಕುರಿ ಸಾಕುವವರು. ಮದುವೆಯಲ್ಲಿ ಅಪ್ಪ ಕೊಟ್ಟ ಆರು ಕುರಿಗಳನ್ನು ಅವಳು ತಮ್ಮ ದುರುಗಪ್ಪನ ಹಿಂಡಿನಲ್ಲೇ ಪಾಲಿಗೆ ಬಿಟ್ಟಿದ್ದಳು. ಪಾಲು ಎಂದರೆ, ಕುರಿ ಇವಳದು, ಮೇಯಿಸುವ ದುಡಿಮೆ ಅವನದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಅದಕ್ಕೆ ಪತ್ರ ಇಲ್ಲ, ಸಾಕ್ಷಿ ಇಲ್ಲ, ಒಂದೇ ಒಂದು ಕಟ್ಟಳೆ: ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ ಎಣಿಕೆ. ಆ ದಿನ ದೊಡ್ಡಿಯಲ್ಲಿ ಎಷ್ಟು ಮರಿ ನಿಂತಿವೆಯೋ ಅಷ್ಟಕ್ಕೆ ಪಾಲು. ಎಣಿಕೆ ಮುಗಿದ ಸಂಜೆ ಒಂದು ಕುರಿ ಈದರೂ ಆ ಮರಿ ಮುಂದಿನ ವರ್ಷದ ಲೆಕ್ಕಕ್ಕೆ. ಅಕ್ಕ ತಮ್ಮ ಎಷ್ಟೇ ಪ್ರೀತಿಯಿಂದಿದ್ದರೂ ಇದರಲ್ಲಿ ಒಂದು ದಿನದ ರಿಯಾಯಿತಿ ಇರಲಿಲ್ಲ. ವರ್ಷವಿಡೀ ಹುಟ್ಟುವ ಮರಿಗೆ ವರ್ಷಕ್ಕೊಂದೇ ಎಣಿಕೆ ಇಡುವುದು ಅವೈಜ್ಞಾನಿಕ, ಹುಟ್ಟಿದ ತಾರೀಕಿನಿಂದ ಲೆಕ್ಕ ಹಾಕಬೇಕು ಎಂದು ನಾನು ದುರುಗಪ್ಪನಿಗೆ ಒಮ್ಮೆ ಒಂದು ತಾಸು ವಿವರಿಸಿದ್ದೆ. ಅವನು ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿ, ಕೊನೆಗೆ ಮಜ್ಜಿಗೆ ಕುಡಿಯುತ್ತೀರೇನು ಮಾವ ಎಂದ.

ಹೀಗಿರಲಾಗಿ ತೊಂಬತ್ತರ ದಶಕ ಬಂತು. ನನಗೆ ಸಿಂಧನೂರಿನಿಂದ ಮಸ್ಕಿಗೆ ವರ್ಗವಾಗಿತ್ತು; ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಶಾಲೆಯ ವಿಳಾಸಕ್ಕೆ ಬ್ಯಾಂಕಿನಿಂದ ಕಾಗದ ಬಂತು. ಬಡ್ಡಿಯ ದರ ಏರಿದೆ, ತಮ್ಮ ಕಂತು ಇದ್ದಷ್ಟೇ ಇರುತ್ತದೆ, ಅವಧಿ ಮಾತ್ರ ಬೆಳೆಯುತ್ತದೆ, ತಮ್ಮ ವಿಶ್ವಾಸಿ ಎಂದು ಒಕ್ಕಣೆ. ಅಂಥದೇ ಕಾಗದ, ಅದೇ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದ ನಮ್ಮ ಡ್ರಿಲ್ ಮಾಸ್ತರು ದೊಡ್ಡಬಸಪ್ಪನವರಿಗೂ ಬಂದಿತ್ತು. ಇಡೀ ಶಾಲೆ ಅವರ ಸೀಟಿಯ ಸದ್ದಿಗೆ ನಡುಗುತ್ತಿತ್ತು. ಅವರು ಆ ಕಾಗದಕ್ಕೆ ನಡುಗಿದರು. ಸಾಲವೆಂದರೆ ಅವರಿಗೆ ಮೈಮೇಲೆ ಹಲ್ಲಿ ಬಿದ್ದಂತೆ. ನನಗಾದರೋ, ನಿಜ ಹೇಳುತ್ತೇನೆ, ಖುಷಿಯೇ ಆಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದ್ದೆ, ಎಲ್ಲವೂ ಯಾರೋ ಒಬ್ಬ ರಾಮು ಬ್ಯಾಂಕಿನಲ್ಲಿಟ್ಟ ಹಣದ ಲೆಕ್ಕ. ಮೊದಲ ಬಾರಿಗೆ ರಾಮುವಿನ ಜಾಗದಲ್ಲಿ ನಾನಿದ್ದೆ. ಆ ದಿನ ಹತ್ತನೇ ಇಯತ್ತೆಯ ಬೋರ್ಡಿನ ಮೇಲೆ ನನ್ನ ಮನೆಸಾಲವನ್ನೇ ಬಿಡಿಸಿದೆ. ಮೇಲೆ ಎಂದಿನಂತೆ ದೊಡ್ಡ ಅಕ್ಷರದಲ್ಲಿ "ಪ್ರಶ್ನೆಯನ್ನು ಪೂರ್ತಿ ಓದಿರಿ" ಎಂದು ಬರೆದಿದ್ದೆ. ನನ್ನ ಮಕ್ಕಳು ಅಂಕ ಕಳೆದುಕೊಳ್ಳುವುದು ಗಣಿತ ಬಾರದೆ ಅಲ್ಲ, ಪ್ರಶ್ನೆಯ ಕೊನೆಯ ಸಾಲು ಓದದೆ. ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ಊರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕಿರಾಣಿ ಅಂಗಡಿಯ ಚೀಟಿ ಓದುವಾಗಲೂ ಅದನ್ನು ಹೇಳಿ ನಗುತ್ತಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ನನ್ನ ಭಾಷಣ. ಬಡ್ಡಿ ಏರಿದಾಗ ಬಡವ ಹೆದರಬೇಕು, ಸರಿ. ಅವನಿಗೆ ಬೇರೆ ದಾರಿ ಇಲ್ಲ. ಕೈಯಲ್ಲಿ ನಾಲ್ಕು ಕಾಸು ಇದ್ದವನು ಯಾಕೆ ಹೆದರಬೇಕು ಎಂದು ಶುರು ಮಾಡಿದೆ. ಕಂತು ಏರಿಲ್ಲವೆಂದು ಸುಮ್ಮನಿರುವುದು ಮೊದಲ ತಪ್ಪು, ಯಾಕೆಂದರೆ ಬ್ಯಾಂಕು ಹೊರೆಯನ್ನು ಇವತ್ತಿನ ಜೇಬಿನಿಂದ ತೆಗೆಯುವ ಬದಲು ಮುಪ್ಪಿನ ಜೇಬಿನಿಂದ ತೆಗೆಯುತ್ತದೆ. ಹಾಗೆಂದು ಇದ್ದಬದ್ದದ್ದನ್ನೆಲ್ಲ ಗುಡಿಸಿ ಕಟ್ಟಿಬಿಡುವುದೂ ತಪ್ಪು. ನಾಳೆ ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದು ಮಲಗಿದರೆ ಬ್ಯಾಂಕಿನವರು ಕಟ್ಟಿದ ದುಡ್ಡನ್ನು ವಾಪಸು ಕೊಡುವುದಿಲ್ಲ. ಆರು ತಿಂಗಳ ಮನೆಖರ್ಚು ಬೇರೆ ತೆಗೆದಿಡಿ. ಪಗಾರ ಏರಿದಷ್ಟು ಕಂತನ್ನೂ ನಾವಾಗಿಯೇ ಏರಿಸಿಕೊಳ್ಳೋಣ. ಇನ್ನು ಮುದ್ದತು ಠೇವಣಿ: ಠೇವಣಿಯ ಬಡ್ಡಿಯೂ ಏರಿದೆ ಎಂದು ಹಿಗ್ಗಬೇಡಿ, ಸಾಲದ ಬಡ್ಡಿ ಯಾವಾಗಲೂ ಅದಕ್ಕಿಂತ ನೂರಕ್ಕೆ ಮೂರು ನಾಲ್ಕು ರೂಪಾಯಿ ಮುಂದೆಯೇ ಓಡುತ್ತದೆ, ತೆರಿಗೆಯ ಉಳಿತಾಯ ಕಳೆದರೂ ನಷ್ಟ ನಮಗೇ. ಠೇವಣಿ ಮುಗಿದೊಡನೆ ತಂದು ಸಾಲಕ್ಕೆ ಸುರಿಯಿರಿ. ಇಷ್ಟು ಹೇಳಿ ನಾನು ಬುತ್ತಿ ಬಿಚ್ಚುವಷ್ಟರಲ್ಲಿ ಗಂಟೆ ಹೊಡೆಯಿತು. ದೊಡ್ಡಬಸಪ್ಪನವರು ಎಲ್ಲವನ್ನೂ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದರು. ಇವತ್ತಿಗೂ ಹೇಳುತ್ತೇನೆ, ಆ ಭಾಷಣದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಮನೆಗೆ ಬಂದು ಅಮರಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ.

"ಅವಧಿ ಬೆಳಿತೈತಿ ಅಂದ್ರ ಎಷ್ಟು?"

ಹಾಗೇ ಬಿಟ್ಟರೆ ನಾಲ್ಕು ವರ್ಷ ಎಂದೆ.

"ಅಂದ್ರ ನೀವು ರಿಟೈರ್ ಆದಮ್ಯಾಲೂ ನಾಕು ದೀಪಾವಳಿ ನಾ ಜೆರಾಕ್ಸಿಗೇ ಹೂ ಏರಿಸಬೇಕೇನ್ರೀ?"

ಆ ಪ್ರಶ್ನೆ ನನ್ನ ಜಂಬಕ್ಕೆ ತಾಗಿ ಆವೇಶ ಬಂತು. ನಾಲ್ಕು ವರ್ಷ ಬೆಳೆಯುವುದಿರಲಿ, ನಿವೃತ್ತಿಯವರೆಗೂ ಕಾಯುವುದಿಲ್ಲ, ಇವತ್ತಿನಿಂದ ಮೂರನೇ ದೀಪಾವಳಿಗೆ ಖರೆ ಕಾಗದ ನಿನ್ನ ಪೂಜೆಯಲ್ಲಿ ಇರುತ್ತದೆ ಎಂದು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಅಂಗಳಕ್ಕೆ ಹೋಗಿ ಬೆರಳಿನಲ್ಲಿ ಲೆಕ್ಕ ಹಾಕಿದೆ. ಬಂತು. ಲಿಂಗಸುಗೂರಿನ ಇನ್ನೊಂದು ಬ್ಯಾಂಕಿನಲ್ಲಿ ನನ್ನ ಮೂವತ್ತು ಸಾವಿರದ ಮುದ್ದತು ಠೇವಣಿ ಇತ್ತು. ಅದು, ಜೊತೆಗೆ ಏರಿಸಿದ ಕಂತು, ಮೂರು ವರ್ಷದ ಲೀಜಿನ ದುಡ್ಡು, ಎಲ್ಲ ಸೇರಿದರೆ ಕೂದಲೆಳೆಯಷ್ಟು ಅಂತರದಲ್ಲಿ ಸಾಲ ತೀರುತ್ತಿತ್ತು. ಅಮರಮ್ಮನೂ ತನ್ನ ಕಡೆಯಿಂದ ಲೆಕ್ಕ ಹಾಕಿದ್ದಳು. ದುರುಗಪ್ಪನ ದೊಡ್ಡಿಯಲ್ಲಿ ತನ್ನ ಪಾಲಿನ ಎಂಟು ಟಗರು ಬೆಳೆದು ನಿಂತಿವೆ, ಮಾರಿ ಕೊಡುತ್ತೇನೆ, ಈ ಸಾಲಕ್ಕೇ ಕಟ್ಟಿರಿ ಎಂದಳು. ನನಗೆ ಮುಖ ಕೆಂಪಾಯಿತು. ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದವನ ಸಾಲ ಹೆಂಡತಿಯ ಟಗರಿನಿಂದ ತೀರಿತೆಂದು ಮಸ್ಕಿಯಲ್ಲಿ ತಿಳಿದರೆ? ಅಷ್ಟು ಬಡತನ ನನಗೆ ಬಂದಿಲ್ಲ ಎಂದೆ. ಅವಳು ಜುಲುಮೆ ಮಾಡಲಿಲ್ಲ, ಆದರೆ ಇನ್ನೊಂದು ಮಾತು ಸೇರಿಸಿದಳು.

"ಆತು ಬಿಡ್ರಿ, ನಿಮ್ಮ ರೊಕ್ಕನ ಕಟ್ರಿ. ಆದ್ರ ಎಣಿಕಿ ಆಗೂಕಿಂತ ಮೊದಲ ಕಟ್ರಿ. ಎಣಿಕಿ ಆದಮ್ಯಾಲ ಕೊಟ್ಟಿದ್ದು ಮುಂದಿನ ವರ್ಷಕ್ಕ ಹೋಗ್ತೈತಿ."

ನಾನು ನಕ್ಕೆ. ಈಗ ನೆನಪಾದರೆ ಆ ನಗೆಯ ಸದ್ದು ಕಿವಿಯಲ್ಲಿ ಕೇಳಿಸುತ್ತದೆ. "ಬ್ಯಾಂಕು ಅಂದ್ರ ನಿಮ್ಮಪ್ಪನ ಕುರಿದೊಡ್ಡಿ ಅಲ್ಲ, ತಿಳ್ಕೋ" ಎಂದೆ. ಅಲ್ಲಿ ದಿನ ದಿನಕ್ಕೆ ಲೆಕ್ಕ ಇರುತ್ತದೆ, ಇವತ್ತು ಹತ್ತು ರೂಪಾಯಿ ಕಟ್ಟಿದರೆ ನಾಳೆಯಿಂದಲೇ ಹತ್ತು ರೂಪಾಯಿಯ ಬಡ್ಡಿ ಇಳಿಯುತ್ತದೆ ಎಂದು ತಿಳಿಸಿ ಹೇಳಿದೆ. ಬ್ಯಾಂಕಿನ ಕರಾರು ಪತ್ರ ನನ್ನ ಪೆಟ್ಟಿಗೆಯಲ್ಲೇ ಇತ್ತು, ಹನ್ನೊಂದು ಪುಟ. ಸಹಿ ಹಾಕುವ ದಿನ ಒಂಬತ್ತು ಪುಟ ಓದಿದ್ದೆ. ಅಷ್ಟರಲ್ಲಿ ಚಹಾ ಬಂದಿತ್ತು.

ಮಾರ್ಚ್ ತಿಂಗಳು ಬಂತು. ದೊಡ್ಡಬಸಪ್ಪನವರು ನನ್ನ ಉಪದೇಶ ಕೇಳಿ, ಸಾಲಕ್ಕೆ ಕಟ್ಟಲೆಂದು ಭವಿಷ್ಯ ನಿಧಿಯಿಂದ ಒಂದಷ್ಟು ಹಣ ತೆಗೆದಿದ್ದರು. ದುಡ್ಡು ಕೈಗೆ ಬಂದ ದಿನ ಅವರ ಜೇಬು ಸುಡತೊಡಗಿತು. ಮೂರನೇ ತಾಸಿನ ಆಟವನ್ನು ನನ್ನ ಕೈಗೆ ಒಪ್ಪಿಸಿ, ಸೀಟಿಯನ್ನೂ ಕೊಟ್ಟು, ಸಿಂಧನೂರಿನ ಬಸ್ಸು ಹಿಡಿದರು. ಇಷ್ಟು ಅವಸರ ಯಾಕೆ, ಹಣಕಾಸಿನಲ್ಲಿ ತಾಳ್ಮೆ ಬೇಕು ಎಂದು ನಾನು ಕಬಡ್ಡಿಯ ಗೆರೆಯ ಮೇಲೆ ನಿಂತು ಕೂಗಿ ಹೇಳಿದೆ. ನನ್ನ ಠೇವಣಿ ಮುಗಿಯುವುದು ಏಪ್ರಿಲ್ ನಾಲ್ಕಕ್ಕೆ. ಮೊದಲೇ ಮುರಿದರೆ ಬ್ಯಾಂಕಿನವರು ದಂಡವೆಂದು ಮುನ್ನೂರು ರೂಪಾಯಿ ಹಿಡಿಯುತ್ತಾರೆ. ಒಂದು ವಾರದ ಸಲುವಾಗಿ ಮುನ್ನೂರು ಕಳೆದುಕೊಳ್ಳುವವನು ಗಣಿತದ ಮಾಸ್ತರ ಹೇಗಾದಾನು? ಆ ವರ್ಷ ಯುಗಾದಿ ಏಪ್ರಿಲ್ ಒಂದಕ್ಕೇ ಬಂದಿತ್ತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಮರಮ್ಮ ಎಣಿಕೆಗೆಂದು ಗುರುಗುಂಟಾಕ್ಕೆ ಹೋಗಿ ಎರಡು ದಿನ ಇದ್ದು ಬಂದಳು. ಬಂದವಳ ಮುಖ ಬಿಸಿಲಿಗೆ ಕಂದಿತ್ತು. ಈ ಸಲ ಮರಿ ಎಷ್ಟು ಎಂದು ಕೇಳಿದೆ; ಚಲೋ ಆಗಿವೆ ಎಂದು ಬೇವಿನ ಹೂ ಬಿಡಿಸಲು ಕೂತಳು. ನಾನೂ ಹೆಚ್ಚು ಕೇಳಲಿಲ್ಲ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡಾಗ ನನಗೆ ಬೆಲ್ಲವೇ ಹೆಚ್ಚು ಸಿಕ್ಕಿತ್ತು ಎಂದು ನೆನಪು.

ಏಪ್ರಿಲ್ ನಾಲ್ಕರಂದು ಠೇವಣಿ ಬಿಡಿಸಿಕೊಂಡು, ಮೂವತ್ತು ಸಾವಿರವನ್ನು ಬುತ್ತಿ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ ಇಟ್ಟು, ಮೇಲಿನದರಲ್ಲಿ ರೊಟ್ಟಿ ಪಲ್ಯ ಕಟ್ಟಿಸಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಬ್ಯಾಗಿಗೆ ಕತ್ತರಿ ಹಾಕುವವರು ರೊಟ್ಟಿಗೆ ಕೈ ಹಾಕುವುದಿಲ್ಲ ಎಂಬುದು ನನ್ನ ಸಂಶೋಧನೆ. ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ತಬ್ಬಿ ಕೂತಿದ್ದೆ. ಮಸ್ಕಿಯಲ್ಲಿ ಹತ್ತಿದ ಒಬ್ಬ ಹಳೆಯ ವಿದ್ಯಾರ್ಥಿ, ಸರ್ ನಿಮಗೆ ಅಷ್ಟು ಹಸಿವೇ ಎಂದು ತನ್ನ ಬಾಳೆಹಣ್ಣು ಕೊಟ್ಟ. ತಿಂದೆ. ಕಾಲುವೆ ದಾಟಿದ ಮೇಲೆ ಗದ್ದೆಯ ಹಸಿರು ಕಾಣತೊಡಗಿತು. ಮೂರನೇ ದೀಪಾವಳಿ ನನಗೆ ಆ ಕಿಟಕಿಯಲ್ಲೇ ಕಂಡಿತೆನ್ನಿ. ಕಾಗದ, ಕುಂಕುಮ, ಅಮರಮ್ಮನ ಮುಖ, ಪಕ್ಕದಲ್ಲಿ ಸುಮ್ಮನೆ ನಗುತ್ತಿರುವ ನಾನು.

ಬ್ಯಾಂಕಿನಲ್ಲಿ ಸಾಲದ ಲೆಕ್ಕ ನೋಡುತ್ತಿದ್ದವರು ಪಂಪಾಪತಿ ಎಂಬವರು, ಒಳ್ಳೆಯ ಮನುಷ್ಯ. ನಾನು ಡಬ್ಬಿ ಬಿಚ್ಚಿ ಮೊದಲು ರೊಟ್ಟಿ, ಆಮೇಲೆ ನೋಟಿನ ಕಟ್ಟು ಹೊರಗೆ ಇಟ್ಟಾಗ ಅವರು ಎರಡನ್ನೂ ಸಮನಾದ ಗೌರವದಿಂದ ನೋಡಿದರು. ನಂತರ ದೊಡ್ಡ ಲೆಡ್ಜರು ತೆಗೆದು, ಕನ್ನಡಕ ಸರಿಮಾಡಿಕೊಂಡು, ಬಹಳ ಮೆತ್ತಗೆ ಕೇಳಿದರು.

"ಮಾಸ್ತರ್ರ, ಒಂದ ವಾರ ಮೊದಲ ಬರಬಾರದಿತ್ತೇನ್ರೀ?"

ನಾನು ಕಾರಣ ಹೇಳಿದೆ, ಮುನ್ನೂರು ರೂಪಾಯಿಯ ಜಾಣತನವನ್ನೂ ಬಣ್ಣಿಸಿದೆ. ಅವರು ಲೆಡ್ಜರನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮ ಸಾಲಕ್ಕ ವರ್ಷಕ್ಕ ಒಂದ ಸಲ ಲೆಕ್ಕ ಹಾಕ್ತೀವ್ರಿ. ಮಾರ್ಚ್ ಮೂವತ್ತೊಂದಕ್ಕ ಎಷ್ಟು ಬಾಕಿ ನಿಂತೈತಿ, ಅದರ ಮ್ಯಾಲೆ ಇಡೀ ವರ್ಷದ ಬಡ್ಡಿ. ಇವತ್ತ ನೀವು ಕಟ್ಟಿದ್ರ ರೊಕ್ಕ ಜಮಾ ಆಗ್ತಾವ, ಆದ್ರ ಬಡ್ಡಿ ಇಳಿಯೋದು ಬರೋ ವರ್ಷದಿಂದ. ನಿಮ್ಮ ಕರಾರಿನ ಹತ್ತನೇ ಪುಟದಾಗ ಬರದೈತಿ ನೋಡ್ರಿ."

ಹತ್ತನೇ ಪುಟ. ನನ್ನ ಕಣ್ಣ ಮುಂದೆ ನನ್ನದೇ ಬೋರ್ಡು, ನನ್ನದೇ ಅಕ್ಷರ ಬಂದು ನಿಂತವು. ಒಂದು ವಾರ ಮೊದಲು ಮುನ್ನೂರು ದಂಡ ತೆತ್ತು ತಂದಿದ್ದರೆ ವರ್ಷಕ್ಕೆ ನಾಲ್ಕೂವರೆ ಸಾವಿರ ಬಡ್ಡಿ ಇಳಿಯುತ್ತಿತ್ತು. ಅದು ಬ್ಯಾಂಕೇ, ಕುರಿದೊಡ್ಡಿಯೇ ಎಂಬ ಬಗ್ಗೆ ನನ್ನಲ್ಲಿ ಇನ್ನು ಯಾವ ಸಂಶಯವೂ ಉಳಿಯಲಿಲ್ಲ. ನನ್ನ ಟಗರು ಎಣಿಕೆ ಮುಗಿದ ಮೇಲೆ ದೊಡ್ಡಿಗೆ ಬಂದಿತ್ತು. ಸಾಲಕ್ಕೆ ಕಟ್ಟಿದ ಹಣ ವರ್ಷವಿಡೀ ಸುಮ್ಮನೆ ಕೂರುವ ಬದಲು ಇಲ್ಲೇ ಹನ್ನೊಂದು ತಿಂಗಳ ಮುದ್ದತಿಗೆ ಇಡಿರಿ, ಬರುವ ಮಾರ್ಚಿನಲ್ಲಿ ಸಾಲಕ್ಕೆ ತಿರುಗಿಸೋಣ ಎಂದು ಪಂಪಾಪತಿಯವರೇ ದಾರಿ ತೋರಿದರು. ಹೀಗೆ ಬೆಳಗ್ಗೆ ಮುದ್ದತು ಠೇವಣಿಯಾಗಿದ್ದ ನನ್ನ ಹಣ, ಎರಡು ತಾಸು ರೊಟ್ಟಿಯ ಕೆಳಗೆ ಪ್ರಯಾಣ ಮಾಡಿ, ಮಧ್ಯಾಹ್ನ ಮತ್ತೆ ಮುದ್ದತು ಠೇವಣಿಯಾಯಿತು. ಠೇವಣಿಯ ಬಡ್ಡಿ ಕಳೆದರೂ ಸಾವಿರದ ಮೇಲೆ ನಷ್ಟ. ನಷ್ಟ ಹೋಗಲಿ, ಕೂದಲೆಳೆಯ ಅಂತರದಲ್ಲಿ ಹೊಂದಿಸಿದ್ದ ಮೂರನೇ ದೀಪಾವಳಿ ಕೈ ತಪ್ಪಿತಲ್ಲ. ಅಮರಮ್ಮನಿಗೆ ಏನು ಹೇಳುವುದು? ಪಂಪಾಪತಿಯವರು ನನ್ನ ಮುಖ ನೋಡಿ ಸಮಾಧಾನ ಮಾಡಲು ಹೋದರು.

"ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮನಿಯವ್ರು ಕಟ್ಟಿದ ಹತ್ತು ಸಾವಿರ ಹೆಂಗೂ ಈ ವರ್ಷದ ಲೆಕ್ಕಕ್ಕ ಬಂದಾವಲ್ರೀ."

ಯಾವ ಹತ್ತು ಸಾವಿರ ಎಂದು ಕೇಳಿದೆ. ಯುಗಾದಿಗೆ ಮೂರು ದಿನ ಮುಂಚೆ ಅಮರಮ್ಮ ತಮ್ಮನನ್ನು ಕರೆದುಕೊಂಡು ಬಂದಿದ್ದಳಂತೆ. ದುರುಗಪ್ಪ ಹೆಗಲ ಮೇಲಿನ ಕಂಬಳಿಯ ಗಂಟಿನಿಂದ ನೋಟು ತೆಗೆದು ಎಣಿಸಿದನಂತೆ, ಇಡೀ ಬ್ಯಾಂಕಿನಲ್ಲಿ ಕುರಿಯ ವಾಸನೆ ಬಂತಂತೆ. ಕಟ್ಟುವ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಲ್ಲಿ ಎಣಿಕೆ ಯಾವತ್ತು? ಪಂಪಾಪತಿಯವರಿಗೆ ಮೊದಲು ಅರ್ಥವಾಗಲಿಲ್ಲವಂತೆ. ಅರ್ಥವಾದ ಮೇಲೆ, ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆ ಕೇಳಿದ ಗಿರಾಕಿ ಇವರೊಬ್ಬರೇ ಎಂದು ಮ್ಯಾನೇಜರರ ಹತ್ತಿರವೂ ಹೇಳಿದರಂತೆ. ನಾನು ರೊಟ್ಟಿಯನ್ನು ಡಬ್ಬಿಗೆ ತುಂಬಿಕೊಂಡು ಎದ್ದೆ.

ವಾಪಸು ಬಸ್ಸಿನಲ್ಲಿ ನನಗೆ ಮೊದಲು ಸಿಟ್ಟು ಬಂತು. ನಾನು ಬೇಡವೆಂದ ಮೇಲೂ ಟಗರು ಮಾರಿದಳಲ್ಲ ಎಂದು ಗೊರೇಬಾಳದವರೆಗೆ ಕುದಿದೆ. ಆಮೇಲೆ ಆ ಎಂಟು ಟಗರುಗಳ ನೆನಪಾಯಿತು. ಅವುಗಳ ಮೇಲೆ ಅವಳಿಗಿದ್ದ ಹೆಮ್ಮೆ ನನಗೆ ಗೊತ್ತು. ತವರಿಗೆ ಹೋದರೆ ತಮ್ಮನ ಮಕ್ಕಳಿಗಿಂತ ಮೊದಲು ಅವನ್ನು ಮಾತಾಡಿಸಿ ಬರುತ್ತಿದ್ದಳು. ಮಸ್ಕಿ ಬರುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆಯಾಗಿತ್ತು. ಮನೆಯಲ್ಲಿ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಹತ್ತನೇ ಪುಟವನ್ನೂ ಮುಚ್ಚಿಡಲಿಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಒಳಗೆ ಹೋಗಿ ಮಾಸಿದ ಜೆರಾಕ್ಸಿನ ಮಡಿಕೆಯಿಂದ ಬ್ಯಾಂಕಿನ ರಸೀದಿ ತೆಗೆದು ನನ್ನ ಕೈಗಿಟ್ಟಳು.

"ನನ್ನ ಟಗರ ಮಾರಿದ್ದು ಮಂದಿಗೆ ನಾ ಹೇಳಂಗಿಲ್ಲ. ನಿಮ್ಮ ಮಾತು ಉಳೀತೈತಿಲ್ಲೋ, ಅದನ್ನ ಲೆಕ್ಕ ಹಾಕಿ ಹೇಳ್ರಿ."

ಲೆಕ್ಕ ಹಾಕಿದೆ. ಅಂಗಳದಲ್ಲಿ ಬೆರಳಿನಿಂದಲ್ಲ, ಅವಳ ಎದುರೇ ಕೂತು ಕಾಗದದ ಮೇಲೆ. ನನ್ನ ತಡದಿಂದ ಆದ ನಷ್ಟವನ್ನು ತುಂಬಿ, ಎಂಟು ಟಗರು ಇನ್ನೂ ಒಂದಿಷ್ಟು ಮುಂದೆ ನಿಂತಿದ್ದವು. ಮೂರನೇ ದೀಪಾವಳಿ ಉಳಿಯಿತು ಎಂದು ಹೇಳಿದೆ.

ಮಸ್ಕಿಯಲ್ಲಿ ನನ್ನ ಮಾನಕ್ಕೇನೂ ಕುಂದು ಬರಲಿಲ್ಲ. ಬದಲಿಗೆ ದೊಡ್ಡಬಸಪ್ಪನವರು ಬ್ಯಾಂಕಿನ ಹೊಸ ಲೆಕ್ಕದ ಚೀಟಿ ಹಿಡಿದು ಬಂದು, ನಿಮ್ಮ ಭಾಷಣದಿಂದ ನನಗೆ ಇಷ್ಟು ಉಳಿಯಿತು ಸರ್ ಎಂದು ಇಡೀ ಸ್ಟಾಫ್ ರೂಮಿಗೆ ಮಿರ್ಚಿ ಭಜಿ, ಮಂಡಕ್ಕಿಯ ಮಂಡಾಳ ತರಿಸಿದರು. ಅವರು ಮಾರ್ಚಿನಲ್ಲಿ ಓಡಿದ್ದು ಹೆದರಿಕೆಯಿಂದ, ನನ್ನ ತಾಳ್ಮೆಯ ಉಪದೇಶವನ್ನು ಕಿವಿಗೆ ಹಾಕಿಕೊಳ್ಳದೆ. ಅದೇ ಅವರನ್ನು ಉಳಿಸಿತ್ತು. ನಿಮ್ಮದೆಷ್ಟು ಉಳಿಯಿತು ಸರ್ ಎಂದು ಕೇಳಿದರು. ನನ್ನ ಬಾಯಿ ತುಂಬ ಮಿರ್ಚಿ ಇತ್ತು, ಕೈ ಮಾಡಿ ತೋರಿಸಿದೆ. ಬಹಳ ಎಂದು ಅವರು ತಿಳಿದರು.

ಮುಂದಿನ ಎರಡು ಮಾರ್ಚ್ ತಿಂಗಳಲ್ಲಿ ನಾನು ಹದಿನೈದನೇ ತಾರೀಕಿಗೇ ಸಿಂಧನೂರಿನಲ್ಲಿದ್ದೆ. ನಾನು ಹೊರಡಲು ತಡ ಮಾಡಿದರೆ ಬುತ್ತಿ ಡಬ್ಬಿ ತಾನಾಗಿಯೇ ಬಾಗಿಲ ಬಳಿ ಬಂದು ಕೂತಿರುತ್ತಿತ್ತು. ಮಾತು ಕೊಟ್ಟ ಮೂರನೇ ವರ್ಷ, ದೀಪಾವಳಿಗೆ ಹದಿನೈದು ದಿನ ಇರುವಾಗ ಪಂಪಾಪತಿಯವರು ಕಪಾಟಿನಿಂದ ಖರೀದಿ ಪತ್ರ ತೆಗೆದುಕೊಟ್ಟರು. ಅಂಚು ಸ್ವಲ್ಪ ಹಳದಿಯಾಗಿತ್ತು, ಉತ್ತರ ದಿಕ್ಕಿನ ಗಡಿ ಮಾತ್ರ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಲಕ್ಷ್ಮೀಪೂಜೆಯ ದಿನ ಅಮರಮ್ಮ ಅದರ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದಳು. ಹಚ್ಚುವಾಗ ಅವಳ ಕಣ್ಣು ತುಂಬಿತ್ತು; ನನಗೂ ತುಂಬಿತು, ಊದುಬತ್ತಿಯ ಹೊಗೆ ಎಂದೆ. ಆ ಸಂಜೆ ದುರುಗಪ್ಪನೂ ಬಂದಿದ್ದ. ಅವನು ಮೂರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಪ್ರಶ್ನೆಯನ್ನು ಕೊನೆಗೂ ಕೇಳಿದ. ಮಾವ, ಬ್ಯಾಂಕಿನವರಿಗೂ ಹುಟ್ಟಿದ ತಾರೀಕಿನಿಂದ ಲೆಕ್ಕ ಹಾಕಲು ಹೇಳಿದಿರೇನು ಎಂದ. ಈ ಸಲ ನಾನೇ ಅವನಿಗೆ ಮಜ್ಜಿಗೆ ಬೇಕೇ ಎಂದು ಕೇಳಿದೆ.

ಇದೆಲ್ಲ ಆದ ಮೇಲೂ ನನ್ನ ಚಟ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮಾಸ್ತರರೊಬ್ಬರು ಮನೆಸಾಲದ ಬಗ್ಗೆ ಕೇಳಲು ಮನೆಗೆ ಬಂದಿದ್ದರು. ಆರು ತಿಂಗಳ ಖರ್ಚು, ಏರಿಸಿದ ಕಂತು, ಠೇವಣಿಯ ಬಡ್ಡಿ, ಸಾಲದ ಬಡ್ಡಿ ಎಲ್ಲವನ್ನೂ ಒಂದೂವರೆ ತಾಸು ವಿವರಿಸಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕೊನೆಗೆ ಅವರು, ಹಾಗಾದರೆ ದುಡ್ಡನ್ನು ಯಾವಾಗ ಕಟ್ಟಲಿ ಸರ್ ಎಂದು ಕೇಳಿದರು. ಅವರ ಬ್ಯಾಂಕು ನನ್ನದಲ್ಲ, ಬೇರೆ. ಅಲ್ಲಿನ ಕಟ್ಟಳೆ ಏನೋ ಎಂತೋ. ನಾನು ನೀರು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಮರಮ್ಮ ತಂಬಿಗೆ ಕೈಗೆ ಕೊಟ್ಟು, ಮೆಲ್ಲಗೆ, "ಎಣಿಕಿ ಯಾವತ್ತಂತ ಮೊದಲ ಕೇಳ್ಕೊಂಡು ಬರ್ರಿ ಅನ್ರಿ" ಎಂದಳು. ಹೊರಗೆ ಬಂದು, ನೀರು ಕೊಟ್ಟು, ಕುರ್ಚಿಯಲ್ಲಿ ಸಾವಕಾಶವಾಗಿ ಕೂತು, ಅನುಭವಸ್ಥರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು ಎಂದು ಪೀಠಿಕೆ ಹಾಕಿ ಆ ಮಾತನ್ನು ಹೇಳಿದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡು, ಅಡಿಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದರು. ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ.